18 ಮತ್ತು 46: ನಮ್ಮ ಹೊಲಗಳ ಎಪ್ಪತ್ತು ವರ್ಷದ ಲೆಕ್ಕ

📍 ಭಾಗ 1/8: ಬೋರ್ಡ್ ಮೇಲಿನ ಎರಡು ಅಂಕಿ

(ಫೋಟೊ: ಅಜ್ಜಿಯ ಕುಡುಗೋಲು. ಹಿಡಿ ಸವೆದು ಬೆರಳಿನ ಅಚ್ಚು ಬಿದ್ದಿದೆ, ಜೂಮ್ ಮಾಡಿ ನೋಡಿ.)

ಹೋದ ತಿಂಗಳು ಎಕನಾಮಿಕ್ಸ್ ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಎರಡೇ ಎರಡು ಅಂಕಿ ಬರೆದ್ರು. 18. ಅದರ ಕೆಳಗೆ 46.

ದೇಶದಲ್ಲಿ ದುಡಿಯೋ ನೂರು ಜನರಲ್ಲಿ ಸುಮಾರು 46 ಜನ ಕೃಷಿಯಲ್ಲಿದ್ದಾರೆ. ಆದರೆ ದೇಶದ ನೂರು ರೂಪಾಯಿ ಉತ್ಪಾದನೆಯಲ್ಲಿ ಕೃಷಿಯಿಂದ ಬರೋದು ಸುಮಾರು 18 ರೂಪಾಯಿ. "ಇದರಿಂದ ಏನು ಗೊತ್ತಾಗುತ್ತೆ?" ಅಂದ್ರು ಮೇಷ್ಟ್ರು.

ಹಿಂದಿನ ಬೆಂಚಿಂದ ಒಬ್ಬ ಹೇಳಿದ: "ರೈತರು ಸರಿಯಾಗಿ ಕೆಲಸ ಮಾಡಲ್ಲ ಅಂತ ಸಾರ್."

ಇಡೀ ಕ್ಲಾಸ್ ನಕ್ಕಿತು. ನಿಜ ಹೇಳ್ತೀನಿ, ನಾನೂ ನಕ್ಕೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಒಣ ಊರು. ಅಪ್ಪ ರಾಗಿ, ಕಡ್ಲೆಕಾಯಿ ಬೆಳೀತಾರೆ. ಕಾಲೇಜಲ್ಲಿ ಮೊದಲ ದಿನ ಪರಿಚಯ ಹೇಳುವಾಗ "ಅಪ್ಪ ಬಿಸಿನೆಸ್" ಅಂದಿದ್ದೆ. ಹಾಗಾಗಿ ಆ ನಗು ನನಗೆ ಎರಡು ಸಲ ಚುಚ್ಚಿತು. ಆ ಶನಿವಾರ ಊರಿಗೆ ಹೋದಾಗ ಅಜ್ಜಿಗೆ ಈ ಮಾತು ಹೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. "ಕೋಳಿ ಕೂಗೋಕೆ ಮುಂಚೆ ಎದ್ದು ಹೊಲಕ್ಕೆ ಹೋಗ್ತಿದ್ವಿ ಕಣವ್ವ. ಅದನ್ನ ಯಾವ ಲೆಕ್ಕದಾಗೆ ಬರ್ಕೊಂಡವ್ರೆ?" ಅಂದರು ಅಷ್ಟೆ.

ಈ ಸರಣಿ ಅಜ್ಜಿಯ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ. ಎಂಟು ಭಾಗ ಇದೆ. ಪರೀಕ್ಷೆಗೂ ಆಗುತ್ತೆ, ಸೇವ್ ಮಾಡ್ಕೊಳ್ಳಿ.

📍 ಭಾಗ 2/8: ಮೊದಲು ಅಳತೆ ಗೊತ್ತಿರಲಿ

(ಫೋಟೊ: ಸೇರು, ಪಾವು, ಕೊಳಗ. ಮೂರೂ ಅಟ್ಟದ ಮೇಲಿದ್ದವು.)

ಕೃಷಿ "ಬೆಳೆದಿದೆ" ಅಂತ ಹೇಳೋಕೆ ಮೂರು ಬೇರೆ ಬೇರೆ ಅಳತೆ ಇವೆ. ಟಿವಿ ಚರ್ಚೆಯಲ್ಲಿ ಇವನ್ನ ಕಲಸಿಬಿಡ್ತಾರೆ. ನಾವು ಬಿಡಿಸಿಕೊಳ್ಳೋಣ.

ಒಂದು, ಒಟ್ಟು ಬೆಳೆ. ದೇಶದಲ್ಲಿ ಎಷ್ಟು ಟನ್ ಬಂತು?
ಎರಡು, ಭೂಮಿಯ ಇಳುವರಿ. ಒಂದು ಹೆಕ್ಟೇರಿಗೆ ಎಷ್ಟು ಬಂತು? (1 ಹೆಕ್ಟೇರ್ ಅಂದ್ರೆ ಸುಮಾರು ಎರಡೂವರೆ ಎಕರೆ.)
ಮೂರು, ದುಡಿಮೆಯ ಉತ್ಪಾದಕತೆ. ದುಡಿಯೋ ಒಬ್ಬರ ತಲೆಗೆ ಎಷ್ಟು ಬಂತು?

ಉದಾಹರಣೆ ನೋಡಿ. ಒಂದು ಹೊಲ, ಇಬ್ಬರು ದುಡೀತಾರೆ, 20 ಮೂಟೆ ರಾಗಿ ಬರುತ್ತೆ. ತಲೆಗೆ 10 ಮೂಟೆ. ಹೊಸ ಬೀಜ ಹಾಕಿ 30 ಮೂಟೆ ಬಂತು ಅಂತಿಟ್ಕೊಳ್ಳಿ. ಆದರೆ ಅಷ್ಟರಲ್ಲಿ ಮನೆ ದೊಡ್ಡದಾಗಿ ಅದೇ ಹೊಲದಲ್ಲಿ ನಾಲ್ಕು ಜನ ದುಡೀತಿದ್ದಾರೆ. ಈಗ ತಲೆಗೆ ಏಳೂವರೆ ಮೂಟೆ. ಭೂಮಿಯ ಇಳುವರಿ ಒಂದೂವರೆ ಪಟ್ಟಾಯ್ತು, ತಲೆಯ ಲೆಕ್ಕ ಇಳೀತು. ಇದರಲ್ಲಿ ಯಾರೂ ಸೋಮಾರಿ ಅಲ್ಲ. ನಾಲ್ಕು ಜನರೂ ಬೆವರು ಸುರಿಸಿದ್ದಾರೆ.

ಇನ್ನೊಂದು ಎಚ್ಚರಿಕೆ. ಬೋರ್ಡ್ ಮೇಲಿದ್ದ 18 ಇದೆಯಲ್ಲ, ಅದು ಮೂಟೆ ಲೆಕ್ಕ ಅಲ್ಲ, ರೂಪಾಯಿ ಲೆಕ್ಕ. ಟೊಮ್ಯಾಟೊ ಅಷ್ಟೇ ಬೆಳೆದು ರೇಟು ಬಿದ್ರೆ, ಆ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದಾಗ ರೈತನ ಉತ್ಪಾದನೆಯೇ ಕಡಿಮೆ ಆದ ಹಾಗೆ ಕಾಣುತ್ತೆ. ಅದಕ್ಕೇ ಅರ್ಥಶಾಸ್ತ್ರದವರು ಒಂದು ವರ್ಷದ ಬೆಲೆಯನ್ನ ಸ್ಥಿರವಾಗಿಟ್ಟು ಇನ್ನೊಂದು ಲೆಕ್ಕವನ್ನೂ ಇಡ್ತಾರೆ.

ಈ ಮೂರು ಅಳತೆ ಕೈಲಿಟ್ಕೊಂಡು ಹಿಂದಕ್ಕೆ ಹೋಗೋಣ.

📍 ಭಾಗ 3/8: ಸೊನ್ನೆ ಪಾಯಿಂಟ್ ಹನ್ನೊಂದು

(ಫೋಟೊ: ಬೇಸಿಗೆಯಲ್ಲಿ ಬಿರುಕು ಬಿಟ್ಟ ನಮ್ಮ ಕೆರೆ ಅಂಗಳ.)

ಬ್ರಿಟಿಷರ ಕಾಲದ ಕೊನೆಯ ಅರ್ಧ ಶತಮಾನದ ಬೆಳೆ ಲೆಕ್ಕವನ್ನ ಕೂತು ಶೋಧಿಸಿದವರು ಜಾರ್ಜ್ ಬ್ಲಿನ್ ಅನ್ನೋ ಅರ್ಥಶಾಸ್ತ್ರಜ್ಞ. ಅವರ ಪುಸ್ತಕ ಬಂದಿದ್ದು 1966ರಲ್ಲಿ. 1891ರಿಂದ 1946ರವರೆಗಿನ ಅಂಕಿ ನೋಡಿ ಅವರು ಹೇಳಿದ್ದು ಇಷ್ಟು: ಆಹಾರ ಧಾನ್ಯ ವರ್ಷಕ್ಕೆ ಸರಾಸರಿ 0.11% ಬೆಳೀತು, ಜನಸಂಖ್ಯೆ 0.67% ಬೆಳೀತು. ಹತ್ತಿ, ಕಬ್ಬು, ಸೆಣಬಿನಂಥ ಬೆಳೆಗಳು ಮಾತ್ರ 1.31% ಬೆಳೆದವು.

ಅಂದ್ರೆ ತಟ್ಟೆಗಳು ಜಾಸ್ತಿ ಆದವು, ತಟ್ಟೆಯೊಳಗಿನ ಅನ್ನ ಕಡಿಮೆ ಆಯ್ತು. ಮಾರುಕಟ್ಟೆಗೆ ಹೋಗೋ ಬೆಳೆ ಬೆಳೀತು, ಹೊಟ್ಟೆಗೆ ಹೋಗೋ ಬೆಳೆ ನಿಂತೇ ಬಿಡ್ತು. ಇದರ ಜೊತೆಗೆ ಯುದ್ಧ, ಬೆಲೆ ಏರಿಕೆ, ಸರಕಾರದ ನಿರ್ಲಕ್ಷ್ಯ ಎಲ್ಲ ಸೇರಿ 1943ರಲ್ಲಿ ಬಂಗಾಳದ ಬರಗಾಲ ಬಂತು. ಸತ್ತವರು ಸುಮಾರು 30 ಲಕ್ಷ ಅಂತ ಅಂದಾಜು.

ಸ್ವಾತಂತ್ರ್ಯ ಬಂದಾಗ ನಮಗೆ ಸಿಕ್ಕಿದ್ದು ಈ ಹೊಲ. 1950-51ರಲ್ಲಿ ಇಡೀ ದೇಶದ ಆಹಾರ ಧಾನ್ಯ 5.08 ಕೋಟಿ ಟನ್. ಹೆಕ್ಟೇರಿಗೆ ಸರಾಸರಿ 522 ಕೆಜಿ. ಜನಸಂಖ್ಯೆ 36 ಕೋಟಿ. ಆಗ ದೇಶದ ಉತ್ಪಾದನೆಯಲ್ಲಿ ಸುಮಾರು ಅರ್ಧ ಕೃಷಿಯದ್ದು, ದುಡಿಯೋರಲ್ಲಿ ನೂರಕ್ಕೆ 70 ಜನ ಕೃಷಿಯಲ್ಲಿದ್ರು.

ಈ 50 ಮತ್ತು 70 ನೆನಪಿಟ್ಕೊಳ್ಳಿ. ಭಾಗ 6ರಲ್ಲಿ ವಾಪಸ್ ಬೇಕಾಗುತ್ತೆ.

📍 ಭಾಗ 4/8: ಹಡಗಿಂದ ನೇರ ಬಾಯಿಗೆ

(ಫೋಟೊ: ಅಜ್ಜಿ. "ಆಗ ಕೆಂಪು ಜೋಳ ತಿಂದಿದ್ವಿ" ಅಂತ ಮುಖ ಕಿವುಚಿದಾಗ ತೆಗೆದದ್ದು.)

1964-65ರಲ್ಲಿ ಬೆಳೆ ಚೆನ್ನಾಗಿತ್ತು, 8.9 ಕೋಟಿ ಟನ್. ಮರುವರ್ಷ ಮಳೆ ಕೈಕೊಡ್ತು, ಬೆಳೆ 7.2 ಕೋಟಿ ಟನ್ನಿಗೆ ಬಿತ್ತು. ಅದರ ಮರುವರ್ಷವೂ ಬರ. ಅಮೆರಿಕದ ಪಿಎಲ್-480 ಯೋಜನೆಯಲ್ಲಿ ಗೋಧಿ ತುಂಬಿದ ಹಡಗುಗಳು ಬಂದ್ರೆ ಮಾತ್ರ ಪಟ್ಟಣಗಳಲ್ಲಿ ರೇಷನ್. 1966ರಲ್ಲಿ ಹೊರಗಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನ ಒಟ್ಟಿಗೆ ಬಿಡದೆ, ನಮ್ಮ ನೀತಿ ನೋಡ್ಕೊಂಡು ಸ್ವಲ್ಪ ಸ್ವಲ್ಪ ಬಿಡ್ತಿದ್ರು. ಪಕ್ಕದ ಮನೆಯಿಂದ ಸಾಲ ತಂದ ಹಿಟ್ಟಲ್ಲಿ ಮುದ್ದೆ ತಿರುವೋರಿಗೆ ಇದರ ಅವಮಾನ ಗೊತ್ತಿರುತ್ತೆ.

ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಅಂತ ಜನರನ್ನ ಕೇಳಿಕೊಂಡ್ರು. "ಜೈ ಜವಾನ್ ಜೈ ಕಿಸಾನ್" ಘೋಷಣೆ ಬಂದಿದ್ದು ಅದೇ 1965ರಲ್ಲಿ.

ಆಗ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ. ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ತಂಡದವರು ಮೆಕ್ಸಿಕೊದಲ್ಲಿ ನಾರ್ಮನ್ ಬೋರ್ಲಾಗ್ ಬೆಳೆಸಿದ್ದ ಗಿಡ್ಡ ಗೋಧಿಯನ್ನ ಇಲ್ಲಿ ಪರೀಕ್ಷೆ ಮಾಡಿದ್ರು. ಗಿಡ್ಡ ಯಾಕೆ ಮುಖ್ಯ? ಹಳೇ ಗೋಧಿಗೆ ಗೊಬ್ಬರ ಹೆಚ್ಚು ಹಾಕಿದ್ರೆ ಗಿಡ ಎತ್ತರ ಬೆಳೆದು ತೆನೆ ಭಾರಕ್ಕೆ ಮಲಗಿಬಿಡ್ತಿತ್ತು. ಗಿಡ್ಡ ತಳಿ ನಿಲ್ಲುತ್ತೆ, ತಿಂದ ಗೊಬ್ಬರವನ್ನ ಕಾಳಿಗೆ ಕೊಡುತ್ತೆ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ಬಂತು. ಬೀಜದ ಜೊತೆಗೆ ಖರೀದಿಗೆ ಭಾರತೀಯ ಆಹಾರ ನಿಗಮ, ಬೆಲೆ ಶಿಫಾರಸಿಗೆ ಕೃಷಿ ಬೆಲೆ ಆಯೋಗ, ಎರಡೂ 1965ರಲ್ಲೇ ಹುಟ್ಟಿದ್ದವು. ಬೀಜ, ನೀರು, ಗೊಬ್ಬರ, ಬೆಲೆಯ ಭರವಸೆ, ನಾಲ್ಕೂ ಒಂದೇ ಕಡೆ ಸಿಕ್ಕಿದ್ದು ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದಲ್ಲಿ.

ಫಲಿತಾಂಶ? ಗೋಧಿ 1964-65ರಲ್ಲಿ 1.2 ಕೋಟಿ ಟನ್, 1970-71ರಲ್ಲಿ 2.4 ಕೋಟಿ ಟನ್. ಆರು ವರ್ಷದಲ್ಲಿ ಡಬಲ್.

ಆದರೆ ನೀರಿಲ್ಲದ ನಮ್ಮಂಥ ಊರುಗಳಿಗೆ ಈ ಕ್ರಾಂತಿ ತಡವಾಗಿ, ಅರ್ಧಂಬರ್ಧ ಬಂತು.

📍 ಭಾಗ 5/8: ನಮ್ಮ ಕಡೆ ಏನಾಯ್ತು?

(ಫೋಟೊ: ಕಣದಲ್ಲಿ ರಾಗಿ ಗುಂಡು. ಈಗ ಮಕ್ಕಳು ಅದರ ಮೇಲೆ ಕೂತು ಆಡ್ತಾರೆ.)

ಗೋಧಿಯ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ರಾಗಿಯ ಕಥೆ ಇಲ್ಲ, ಹಾಗಾಗಿ ಇಲ್ಲಿ ಹೇಳ್ತೀನಿ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡ್ತಿದ್ದ ವಿಜ್ಞಾನಿ ಲಕ್ಷ್ಮಣಯ್ಯ ಅವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದ್ರು. ರಾಗಿ ಹೂವು ತೀರಾ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡ್ಕೊಳ್ಳುತ್ತೆ, ಅದಕ್ಕೆ ಸಂಕರ ಮಾಡೋದು ಬಹಳ ತಾಳ್ಮೆಯ ಕೆಲಸ. ಹುಟ್ಟಿದ ತಳಿಗಳ ಹೆಸರು ಇಂಡಾಫ್. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್! ಜನ ಅವರನ್ನ "ರಾಗಿ ಲಕ್ಷ್ಮಣಯ್ಯ" ಅಂತಲೇ ಕರೆದ್ರು. ಅಜ್ಜಿಗೆ ಬೋರ್ಲಾಗ್ ಯಾರು ಅಂತ ಗೊತ್ತಿಲ್ಲ. "ಇಂಡಾಫ್ ರಾಗಿ" ಅಂದ ತಕ್ಷಣ ಮುಖ ಅರಳಿತು. "ಅದು ಬಂದ್ಮೇಲೆ ವಾಡೆ ತುಂಬ್ತು ಕಣವ್ವ" ಅಂದರು.

ಎರಡನೇ ಬದಲಾವಣೆ ಬೀಜದ್ದಲ್ಲ, ಜಮೀನಿಂದು. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ರು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ 1974ರ ಮಾರ್ಚ್ 1ರಿಂದ ಭೂ ಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನು ಸರಕಾರದ ವಶಕ್ಕೆ ಹೋಗಿ, ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. "ಉಳುವವನೇ ಹೊಲದೊಡೆಯ" ಅನ್ನೋ ಮಾತು ಲಕ್ಷಾಂತರ ಕುಟುಂಬಗಳಿಗೆ ಕಾಗದದ ಮೇಲೂ ನಿಜ ಆಯ್ತು. ನಿಮ್ಮ ಮನೆಯ ಹಳೇ ಟ್ರಂಕಲ್ಲೂ ಆ ಕಾಲದ ಕಾಗದ ಇರಬಹುದು, ಹುಡುಕಿ.

ಎಲ್ಲರಿಗೂ ಸಿಗಲಿಲ್ಲ ಅನ್ನೋದನ್ನೂ ಹೇಳಬೇಕು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದವರಿಗೆ ತುಂಬಿಸೋಕೆ ಆ ಫಾರಂ ಇರಲೇ ಇಲ್ಲ. ಅವರಲ್ಲಿ ಬಹಳಷ್ಟು ಜನ ದಲಿತರು.

📍 ಭಾಗ 6/8: ಕ್ಯಾಲ್ಕುಲೇಟರ್ ತಗೊಳ್ಳಿ

(ಫೋಟೊ: ನನ್ನ ನೋಟ್ಸ್. ಅಕ್ಷರ ನೋಡಿ ನಗಬೇಡಿ.)

ಈಗ ನಿಜವಾದ ಲೆಕ್ಕ. 1950-51 ಮತ್ತು 2011-12 ಪಕ್ಕಪಕ್ಕ ಇಡೋಣ.

▪️ ಒಟ್ಟು ಆಹಾರ ಧಾನ್ಯ: 5.08 ಕೋಟಿ ಟನ್ನಿಂದ 25.9 ಕೋಟಿ ಟನ್. ಐದು ಪಟ್ಟು.
▪️ ಹೆಕ್ಟೇರಿಗೆ ಇಳುವರಿ: 522 ಕೆಜಿಯಿಂದ 2,078 ಕೆಜಿ. ನಾಲ್ಕು ಪಟ್ಟು.
▪️ ಜನಗಣತಿ ಪ್ರಕಾರ ಹೊಲದಲ್ಲಿ ದುಡಿಯೋರು (ಸಾಗುವಳಿದಾರರು ಮತ್ತು ಕೂಲಿಯವರು ಸೇರಿ): 1951ರಲ್ಲಿ 9.7 ಕೋಟಿ, 2011ರಲ್ಲಿ 26.3 ಕೋಟಿ.
▪️ ತಲೆಗೆ ಎಷ್ಟು ಧಾನ್ಯ? ಆಗ ಸುಮಾರು 520 ಕೆಜಿ. ಈಗ ಸುಮಾರು 985 ಕೆಜಿ. ಎರಡು ಪಟ್ಟೂ ಪೂರ್ತಿ ಇಲ್ಲ.

(ಇದು ಧಾನ್ಯ ಮಾತ್ರ. ಹಾಲು, ತರಕಾರಿ, ಹಣ್ಣು ಇದರಲ್ಲಿಲ್ಲ. ಜನಗಣತಿಯಲ್ಲಿ ದುಡಿಯೋರನ್ನ ಎಣಿಸೋ ರೀತಿಯೂ ನಡುವೆ ಬದಲಾಗಿದೆ. ಒರಟು ಲೆಕ್ಕ ಅಂತ ತಗೊಳ್ಳಿ.)

ನೋಡಿದ್ರಾ? ಭೂಮಿ ನಾಲ್ಕು ಪಟ್ಟು ಕೊಡ್ತು. ಆದರೆ ಅದನ್ನ ಹಂಚಿಕೊಳ್ಳೋ ಕೈಗಳು ಎರಡೂಮುಕ್ಕಾಲು ಪಟ್ಟು ಆದವು. ಭಾಗ 2ರ ಮೂಟೆ ಲೆಕ್ಕ ಇದೇನೇ.

ಇನ್ನೊಂದು ಅಂಕಿ ನನ್ನನ್ನ ಬಹಳ ಹೊತ್ತು ತಡೆದು ನಿಲ್ಲಿಸ್ತು. 2011ರ ಜನಗಣತಿಯಲ್ಲಿ ಸಾಗುವಳಿದಾರರು 11.9 ಕೋಟಿ, ಕೃಷಿ ಕೂಲಿಯವರು 14.4 ಕೋಟಿ. ಸ್ವತಂತ್ರ ಭಾರತದ ಜನಗಣತಿಗಳಲ್ಲಿ ಕೂಲಿಯವರ ಸಂಖ್ಯೆ ರೈತರ ಸಂಖ್ಯೆಯನ್ನ ದಾಟಿದ್ದು ಅದೇ ಮೊದಲು.

ಇನ್ನು ರೂಪಾಯಿ ಲೆಕ್ಕ. 1951ರಲ್ಲಿ 70 ಜನ ಸೇರಿ 50 ರೂಪಾಯಿ ಮಾಡಿದ್ರು, ಉಳಿದ 30 ಜನ 50 ರೂಪಾಯಿ. ಭಾಗಿಸಿ ನೋಡಿ: ಕೃಷಿಯಲ್ಲಿ ತಲೆಗೆ 71 ಪೈಸೆ, ಹೊರಗೆ ತಲೆಗೆ 1 ರೂಪಾಯಿ 67 ಪೈಸೆ. ಹೊರಗಿನವರು ಸುಮಾರು 2.3 ಪಟ್ಟು. ಈಗ 46 ಜನ 18 ರೂಪಾಯಿ, 54 ಜನ 82 ರೂಪಾಯಿ. ತಲೆಗೆ 39 ಪೈಸೆ, 1 ರೂಪಾಯಿ 52 ಪೈಸೆ. ಸುಮಾರು 3.9 ಪಟ್ಟು.

ರೈತ ಹಿಂದಕ್ಕೆ ನಡೆದಿಲ್ಲ, ಮುಂದಕ್ಕೇ ನಡೆದಿದ್ದಾನೆ. ಬಸ್ಸಿನಲ್ಲಿ ಹೋದವರು ಅವನಿಗಿಂತ ಬಹಳ ದೂರ ಹೋಗಿಬಿಟ್ರು.

ಕೃಷಿಯ ಪಾಲು 50ರಿಂದ 18ಕ್ಕೆ ಇಳಿದಿದ್ದೇ ತಪ್ಪಾ? ಅಲ್ಲ. ಶ್ರೀಮಂತ ಆದ ದೇಶಗಳಲ್ಲೆಲ್ಲ ಹೀಗೇ ಆಗಿದೆ. ಮನೆಗೆ ಆದಾಯ ಹೆಚ್ಚಾದ್ರೆ ನಾವು ಎರಡು ಮುದ್ದೆ ಬದಲು ಹತ್ತು ಮುದ್ದೆ ತಿನ್ನಲ್ಲ, ಫೋನು ತಗೋತೀವಿ, ಬೈಕು ತಗೋತೀವಿ. ಸಮಸ್ಯೆ ಇರೋದು ಎರಡನೇ ಅಂಕಿಯಲ್ಲಿ. ಪಾಲು ಬೇಗ ಇಳೀತು, ಜನ ಅಷ್ಟು ಬೇಗ ಹೊರಗೆ ಹೋಗೋಕೆ ಆಗಲಿಲ್ಲ.

ಚೀನಾ ನೋಡಿ. 1978ರಲ್ಲಿ ಅಲ್ಲೂ ದುಡಿಯೋ ನೂರು ಜನರಲ್ಲಿ ಸುಮಾರು 70 ಜನ ಕೃಷಿಯಲ್ಲಿದ್ರು. ಈಗ ಕಾಲು ಭಾಗಕ್ಕಿಂತ ಕಡಿಮೆ. ಮೊದಲು ಹಳ್ಳಿ, ಸಣ್ಣ ಪಟ್ಟಣಗಳಲ್ಲೇ, ಆಮೇಲೆ ಕರಾವಳಿಯ ನಗರಗಳಲ್ಲಿ ಕಾರ್ಖಾನೆಗಳು ಎದ್ದು, ಹೊಲ ಬಿಟ್ಟವರಿಗೆ ಕೆಲಸ ಕೊಟ್ಟವು. ನಮ್ಮಲ್ಲಿ ದುಡ್ಡು ಹೆಚ್ಚು ಬೆಳೆದದ್ದು ಸಾಫ್ಟ್‌ವೇರ್, ಬ್ಯಾಂಕು, ಟೆಲಿಕಾಂ ಥರದ ಕಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಚಿಕ್ಕಪ್ಪನಿಗೆ ಆ ಬಾಗಿಲು ತೆರೆಯಲೇ ಇಲ್ಲ.

📍 ಭಾಗ 7/8: ಅಣ್ಣ ವಾಪಸ್ ಬಂದ ವರ್ಷ

(ಫೋಟೊ: ಅಣ್ಣನ ಫ್ಯಾಕ್ಟರಿ ಐಡಿ ಕಾರ್ಡ್. ಹೆಸರು ಮುಚ್ಚಿದ್ದೀನಿ.)

ಅಂಕಿ ಹೇಗೆ ಮನೆಯೊಳಗೆ ಬರುತ್ತೆ ಅಂತ ಹೇಳ್ತೀನಿ.

1993-94ರಲ್ಲಿ ದುಡಿಯೋ ನೂರು ಜನರಲ್ಲಿ ಸುಮಾರು 64 ಜನ ಕೃಷಿಯಲ್ಲಿದ್ರು. 2011-12ಕ್ಕೆ 49. 2018-19ಕ್ಕೆ 42.5. ನಿಧಾನವಾಗಿ ಆದರೂ ಇಳೀತಾ ಇತ್ತು. 2019-20ರಲ್ಲಿ ಅದು 45.6ಕ್ಕೆ, ಮರುವರ್ಷ 46.5ಕ್ಕೆ ಏರಿತು. ಆಮೇಲೂ ಹಳೇ ಮಟ್ಟಕ್ಕೆ ಇಳಿದಿಲ್ಲ. 2023-24ರಲ್ಲಿ 46.1.

ಆ ಏರಿಕೆಯಲ್ಲಿ ನಮ್ಮಣ್ಣನೂ ಒಬ್ಬ. ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸ, ಪೀಣ್ಯದಲ್ಲಿ ರೂಮು. 2020ರ ಲಾಕ್‌ಡೌನಲ್ಲಿ ಊರಿಗೆ ಬಂದ. ನಮ್ಮದು ಎರಡೆಕರೆ. ಮುತ್ತಾತನಿಗೆ ಎಂಟೆಕರೆ ಇತ್ತಂತೆ, ಭಾಗ ಆಗ್ತಾ ಆಗ್ತಾ ಎರಡಾಯ್ತು. (ದೇಶದ ಕಥೆಯೂ ಇದೇ: ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್, 2015-16ರಲ್ಲಿ 1.08.) ಅಪ್ಪ, ಅವ್ವ ಇಬ್ಬರೇ ಮಾಡ್ತಿದ್ದ ಕೆಲಸಕ್ಕೆ ಅಣ್ಣನೂ ಕೈ ಹಾಕಿದ. ಕಳೆ ಕೀಳೋದು ಎಂಟು ದಿನದ ಬದಲು ಐದು ದಿನಕ್ಕೆ ಮುಗೀತು. ರಾಗಿ ಮಾತ್ರ ಒಂದು ಮೂಟೆನೂ ಹೆಚ್ಚು ಬರಲಿಲ್ಲ.

ಸೆನ್ಸಸ್‌ನವರೋ ಸರ್ವೆಯವರೋ ಬಂದು ಕೇಳಿದ್ರೆ ಅಣ್ಣ "ವ್ಯವಸಾಯ" ಅಂತಾನೆ. ನಿರುದ್ಯೋಗಿ ಅಂತ ಎಲ್ಲೂ ದಾಖಲಾಗಲ್ಲ. ಇದಕ್ಕೆ ನಮ್ಮ ಪಠ್ಯದಲ್ಲಿ "ಮರೆಮಾಚಿದ ನಿರುದ್ಯೋಗ" ಅನ್ನೋ ಹೆಸರಿದೆ. ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲೇ ಬರೆದಿದ್ರು: ಬಡ ದೇಶದ ಹೊಲಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೈಗಳಿರ್ತವೆ, ಕೈಗಾರಿಕೆ ಬೆಳೆದಾಗ ಅವು ಅತ್ತ ಹೋಗ್ತವೆ ಅಂತ. 1979ರಲ್ಲಿ ಅವರಿಗೆ ನೊಬೆಲ್ ಬಂತು. ಅಣ್ಣ ಹೋಗಿದ್ದ, ವಾಪಸ್ ಬಂದ. ಲೂಯಿಸ್ ಅವರ ದಾರಿಯಲ್ಲಿ ರಿವರ್ಸ್ ಗೇರ್ ಇರಲಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಗಟ್ಟಿ. ಹಳ್ಳಿಯಲ್ಲಿ ದುಡಿಯೋ ಹೆಂಗಸರಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಕೃಷಿಯಲ್ಲೇ ಇದ್ದಾರೆ. ಗಂಡಸರಲ್ಲಿ ಸುಮಾರು ಅರ್ಧ. ಗಂಡಸರು ಪೇಟೆಗೆ ಹೋದಾಗ ಹೊಲ, ಹಸು, ಮನೆ ಮೂರೂ ಅವ್ವಂದಿರ ತಲೆಗೆ ಬಂತು. ಪಹಣಿಯಲ್ಲಿ ಹೆಸರು ಮಾತ್ರ ಬರಲಿಲ್ಲ.

📍 ಭಾಗ 8/8: ಹಿಂದಿನ ಬೆಂಚಿಗೆ ಉತ್ತರ

(ಫೋಟೊ: ಅಪ್ಪ. ಕೇಳಿ ಹಾಕಿದ್ದೀನಿ. "ಒಂದ್ನಿಮಿಷ ಇರು, ಶರ್ಟ್ ಹಾಕ್ಕೊಂಡ್ ಬತ್ತೀನಿ" ಅಂದ್ರು.)

ಹಾಗಾದ್ರೆ 18 ಮತ್ತು 46 ಏನು ಹೇಳುತ್ತೆ?

"ಕೆಲಸ ಮಾಡಲ್ಲ" ಅಂತಲ್ಲ. ವರ್ಷಕ್ಕೆ ತಲೆಗೆ ಎಷ್ಟು ಅನ್ನೋ ಲೆಕ್ಕ ಅದು. ಮಳೆ ನಂಬಿದ ಹೊಲದಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಸೊಂಟ ಮುರಿಯೋ ಕೆಲಸ, ಆಮೇಲೆ ಕೆಲಸವೇ ಇಲ್ಲ. 2014ರಲ್ಲಿ ಗೋಲಿನ್, ಲಗಾಕೋಸ್, ವಾ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಬಹಳ ದೇಶಗಳ ಅಂಕಿ ಇಟ್ಕೊಂಡು ದುಡಿದ ಗಂಟೆ, ಓದು ಎರಡನ್ನೂ ಸರಿದೂಗಿಸಿ ನೋಡಿದ್ರು. ಅಂತರ ಸಾಕಷ್ಟು ಕಡಿಮೆ ಆಯ್ತು, ಆದರೆ ಮಾಯ ಆಗಲಿಲ್ಲ. ಅಂದ್ರೆ ಅಜ್ಜಿಯ ಸಿಟ್ಟಿಲ್ಲದ ಪ್ರಶ್ನೆಯೂ ಸರಿ, ಬೋರ್ಡ್ ಮೇಲಿನ ಅಂಕಿಯೂ ಸರಿ.

ರೈತ ಕುಟುಂಬಗಳಿಗೆ ಇದು ಹೇಗೆ ತಟ್ಟುತ್ತೆ ಅಂತ ಸರಕಾರದ್ದೇ ಒಂದು ಸಮೀಕ್ಷೆ ಇದೆ. 2018-19ರಲ್ಲಿ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ 3,798. ಕೂಲಿ, ಸಂಬಳದಿಂದ 4,063. ಹಸು, ಕುರಿ, ಕೋಳಿಯಿಂದ 1,582. ಉಳಿದದ್ದು ಸಣ್ಣ ವ್ಯಾಪಾರ ಮತ್ತು ಗೇಣಿ. ಸರಾಸರಿ ತಗೊಂಡ್ರೆ "ರೈತ" ಅಂತ ನಾವು ಕರೆಯೋ ಮನೆ, ಬೆಳೆಗಿಂತ ಕೂಲಿಯಿಂದ ಹೆಚ್ಚು ದುಡೀತಿದೆ. ಅರ್ಧದಷ್ಟು ಮನೆಗಳ ಮೇಲೆ ಸಾಲ ಇದೆ.

ಪರಿಹಾರ ಏನು ಅಂತ ಕಾಮೆಂಟಲ್ಲಿ ಕೇಳ್ತೀರಿ ಅಂತ ಗೊತ್ತು. ನನಗೆ ಅನಿಸಿದ್ದು ಇಷ್ಟು. ಹೊಲದ ಒಳಗೆ ನೀರು, ಮಳೆಯಾಶ್ರಿತ ಬೆಳೆಗೂ ಗಟ್ಟಿ ಬೆಲೆ, ಹತ್ತಿರದಲ್ಲೇ ಶೇಖರಣೆ ಬೇಕು. ಆದರೆ ಅಷ್ಟೇ ಸಾಲದು. ತಾಲ್ಲೂಕು ಮಟ್ಟದಲ್ಲಿ, ಪದವಿ ಇಲ್ಲದವರಿಗೂ ಆಗುವಂಥ ಕೆಲಸ ಬೇಕು. ಹೊಲ ಬಿಡೋರಿಗೆ ಹೋಗೋಕೆ ಒಂದು ಜಾಗ ಇದ್ರೆ, ಹೊಲದಲ್ಲಿ ಉಳಿಯೋರಿಗೂ ಉಸಿರಾಡೋಕೆ ಜಾಗ ಸಿಗುತ್ತೆ. ಎರಡನ್ನೂ ಬೇರೆ ಬೇರೆ ಸಮಸ್ಯೆ ಅಂದ್ಕೊಂಡು ಎಪ್ಪತ್ತು ವರ್ಷ ಹೋಯ್ತು.

ಹೋದ ಸೋಮವಾರ ಕ್ಲಾಸಲ್ಲಿ ಭಾಗ 6ರ ಲೆಕ್ಕವನ್ನ ಬೋರ್ಡ್ ಮೇಲೆ ಬರೆದೆ. ಕೈ ನಡುಗ್ತಿತ್ತು. ಜೋಕ್ ಹೊಡೆದ ಹುಡುಗ ಆಮೇಲೆ ಕ್ಯಾಂಟೀನಲ್ಲಿ ಬಂದು ಮೆಲ್ಲಗೆ ಹೇಳಿದ: "ನಮ್ಮದೂ ಮೂರೆಕರೆ ಇದೆ ಕಣೆ. ಅಡಿಕೆ ಹಾಕಿ ಬೋರ್ ಬತ್ತೋಯ್ತು." ಅವನೂ ಮೊದಲ ದಿನ "ಅಪ್ಪ ಬಿಸಿನೆಸ್" ಅಂದಿದ್ನಂತೆ.

ನನ್ನ ಬಯೋದಲ್ಲಿ ಒಂದು ಸಾಲು ಬದಲಾಯಿಸಿದ್ದೀನಿ, ನೋಡಿ.

ಈ ವಾರ ನಿಮಗೆ ಒಂದು ಹೋಮ್‌ವರ್ಕ್: ಮನೆಯ ಹಿರಿಯರನ್ನ ಮೂರು ಪ್ರಶ್ನೆ ಕೇಳಿ. ನಿಮ್ಮ ಕಾಲದಲ್ಲಿ ಜಮೀನು ಎಷ್ಟಿತ್ತು? ಎಷ್ಟು ಜನ ದುಡೀತಿದ್ರಿ? ಎಷ್ಟು ಮೂಟೆ ಬರ್ತಿತ್ತು? ಭಾಗಿಸಿ, ಉತ್ತರ ಕಾಮೆಂಟಲ್ಲಿ ಹಾಕಿ. ಜಮೀನೇ ಇರಲಿಲ್ಲ ಅಂದ್ರೆ ಅದನ್ನೂ ಬರೀರಿ, ಅದೂ ಇತಿಹಾಸವೇ.

#ಕೃಷಿಇತಿಹಾಸ #ರಾಗಿ #ನಮ್ಮಹೊಲನಮ್ಮಲೆಕ್ಕ #ಅರ್ಥಶಾಸ್ತ್ರಕನ್ನಡದಲ್ಲಿ #ಅಪ್ಪರೈತ